ಕ್ಲೆಮ್‌ಗೆ ಸೇರಿದ ಮೂರು ಎಂಜಿನ್

ಪೀಟರ್‌ಬರೋ
ಸೋಮವಾರ, ೯ ಸೆಪ್ಟೆಂಬರ್ ೧೯೯೬

ಪ್ರೀತಿಯ ಕ್ಲೆಮ್,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಯಾರು ಹೋದರೋ ಎಂದು ಎದೆ ಹಿಡಿದುಕೊಳ್ಳಬೇಡ. ಯಾರೂ ಹೋಗಿಲ್ಲ. ನಿನ್ನ ಅಣ್ಣ ಹೆಡ್ಲಿ ಹಿತ್ತಿಲಲ್ಲಿ ನಿಂತು ಕೋಳಿಗಳನ್ನು ಬೈಯುತ್ತಿದ್ದಾನೆ, ಅಂದಮೇಲೆ ಗಟ್ಟಿಯಾಗಿಯೇ ಇದ್ದಾನೆ. ಹದಿನೇಳು ವರ್ಷದಲ್ಲಿ ನಾನು ನಿನಗೆ ಕಳಿಸಿದ್ದು ಕ್ರಿಸ್‌ಮಸ್ ಕಾರ್ಡುಗಳನ್ನು ಮಾತ್ರ, ಅದೂ ಅವನ ಹೆಸರು ಹಾಕದೆ. ಇದು ಕಾರ್ಡಲ್ಲ. ಚಹಾ ಮಾಡಿಕೊಂಡು ಕುಳಿತು ಓದು. ನಡುವೆ ಬೈಯಬೇಕು ಅನ್ನಿಸಿದರೂ ತಡೆದುಕೊ, ಕೊನೆಯವರೆಗೆ ಓದಿ ಆಮೇಲೆ ಒಟ್ಟಿಗೆ ಬೈ.

ಮೊದಲು ವಿಷಯ ಹೇಳಿಬಿಡುತ್ತೇನೆ. ಸುತ್ತಿ ಬಳಸಿ ಹೇಳಲು ಹೊರಟರೆ ಅರ್ಧ ದಾರಿಯಲ್ಲಿ ಧೈರ್ಯ ಕೈಕೊಡುತ್ತದೆ. ೧೯೭೯ರಲ್ಲಿ ಆ ಏಳು ಆಟದ ಎಂಜಿನ್‌ಗಳನ್ನು ಹಾಳು ಮಾಡಿದ್ದು ನೀನಲ್ಲ, ನಿನ್ನ ಹುಡುಗಿಯರೂ ಅಲ್ಲ. ನಾನು.

ಈಗ ಯಾಕೆ ಹೇಳುತ್ತಿದ್ದೇನೆ ಅಂದರೆ, ಹೆಡ್ಲಿಯ ಕಣ್ಣಿನ ದೆಸೆಯಿಂದ. ಎರಡು ವರ್ಷದಿಂದ ನೋಟದ ನಡುಭಾಗ ಸವೆಯುತ್ತಾ ಬಂದಿದೆ. ಇದಕ್ಕೆ ಕನ್ನಡಕವೂ ಇಲ್ಲ, ಕತ್ತರಿಯೂ ಇಲ್ಲ ಎಂದರು ಅಡಿಲೇಡಿನ ಡಾಕ್ಟರು. ಪೇಪರ್ ಓದಲು ಆಗುವುದಿಲ್ಲ, ಸ್ಕ್ರೂ ಕಾಣುವುದಿಲ್ಲ. ಮುಂದಿನ ವರ್ಷಕ್ಕೆ ಎಷ್ಟು ಉಳಿದಿರುತ್ತದೋ ಅವರೂ ಹೇಳಲಿಲ್ಲ. ಮೂವತ್ತೊಂದು ವರ್ಷ ನಿಜವಾದ ರೈಲು ಓಡಿಸಿದವನು ಈಗ ನನ್ನ ಭುಜ ಹಿಡಿದು ಬೇಕರಿಗೆ ಬರುತ್ತಾನೆ. ಅದನ್ನೂ ನನಗೇ ದಾರಿ ತೋರಿಸುವವನ ಹಾಗೆ ಹಿಡಿಯುತ್ತಾನೆ ಅನ್ನು.

ಜೂನ್‌ನಲ್ಲಿ ಒಂದು ಬೆಳಿಗ್ಗೆ ಶೆಡ್ಡಿನಿಂದ ಬಂದು ತನ್ನ ಸಣ್ಣ ಸ್ಕ್ರೂಡ್ರೈವರನ್ನು ನನ್ನ ತಟ್ಟೆಯ ಪಕ್ಕ ಇಟ್ಟ. ಇಷ್ಟು ವರ್ಷ ಆಟದ ಹಳಿ ಹಾಸಿದ ಆ ಶೆಡ್ಡಿನಲ್ಲಿ ಧೂಳು ಒರೆಸಲೂ ನನ್ನನ್ನು ಬಿಟ್ಟವನಲ್ಲ.

"ಏಳೂ ಎಂಜಿನ್ನು ಇನ್ನೊಂದ್ಸಲ ಆ ಏರು ಹತ್ತೋದು ನೋಡ್ಬೇಕು ಕಣೆ," ಅಂದ. "ನಾಲ್ಕು ನಾಲ್ಕು ಡಬ್ಬಿ ಎಳ್ಕೊಂಡು. ಕಾಣೋವಾಗ್ಲೇ ನೋಡ್ಬಿಡ್ಬೇಕು. ನನ್ ಕೈಲಿ ಆಗಲ್ಲ, ನೀನೇ ಮಾಡು."

ನಾನು ತಿಂಡಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ. ಕಾರಣ ನಿನಗೆ ಗೊತ್ತಾಗಬೇಕಾದರೆ ೧೯೭೯ರ ಆ ವಾರದ ಕಥೆ ಪೂರ್ತಿ ಹೇಳಬೇಕು.

ಹೆಡ್ಲಿ ಹೊಸ ಮಾದರಿ ಎಂಜಿನ್ ತರಬೇತಿಗೆಂದು ಮೂರು ವಾರ ಅಡಿಲೇಡಿಗೆ ಹೋಗಿದ್ದ. ನೀನು ಶಾಲೆಯ ರಜೆಗೆ ಜಿಲ್, ಶೆರಿನ್ ಇಬ್ಬರನ್ನೂ ಕರೆದುಕೊಂಡು ಪೋರ್ಟ್ ಲಿಂಕನ್‌ನಿಂದ ಬಂದೆ. ನಾಲ್ಕು ದಿನವೂ ಹುಡುಗಿಯರು ಶೆಡ್ಡಿನಿಂದ ಹೊರಗೆ ಬರಲಿಲ್ಲ, ಊಟಕ್ಕೆ ಕೂಡ ಗದರಿಸಿ ಎಳೆದು ತರಬೇಕಿತ್ತು. ನೀವು ಹೊರಟ ಮೇಲೆ ನೋಡಿದರೆ ಎಂಜಿನ್‌ಗಳ ಚಕ್ರದ ತುಂಬ ಶೆರಿನ್‌ಳ ಕೂದಲು, ಬಿಸ್ಕತ್ತಿನ ಪುಡಿ, ಕಂಬಳಿಯ ನೂಲು. ಹೆಡ್ಲಿ ಬರುವಷ್ಟರಲ್ಲಿ ಎಲ್ಲ ಫಳಫಳ ಮಾಡಿ ಅವನನ್ನು ಬೆರಗುಗೊಳಿಸೋಣ ಎಂದುಕೊಂಡೆ. ಹೊಲಿಗೆ ಯಂತ್ರ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ ಎಂಬ ಜಂಭ ಬೇರೆ. ಏಳು ಮೋಟಾರನ್ನೂ ಬಿಚ್ಚಿ, ಅದರೊಳಗಿನ ಅಯಸ್ಕಾಂತದ ತುಂಡುಗಳನ್ನು ಹೊರಗೆ ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು, ಅಡುಗೆಮನೆಯ ಟವೆಲ್ಲಿನ ಮೇಲೆ ಸಾಲಾಗಿ ಒಣಗಲು ಬಿಟ್ಟೆ. ಮರುದಿನ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಎಲ್ಲ ಜೋಡಿಸಿದೆ. ಒಂದು ಸ್ಕ್ರೂ ಕೂಡ ಮಿಗಲಿಲ್ಲ, ಅದೇ ಹೆಮ್ಮೆ.

ಆ ಕಾಲದ ಅಯಸ್ಕಾಂತಕ್ಕೆ ಒಂದು ಸ್ವಭಾವವಿದೆ, ಕ್ಲೆಮ್. ಅದನ್ನು ಮೋಟಾರಿನ ಗೂಡಿನಿಂದ ತೆಗೆಯುವ ಮೊದಲು ಅದರ ಎರಡು ತುದಿಗೂ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಅಂಟಿಸಬೇಕು. ಅದಕ್ಕೆ ಕೀಪರ್ ಅನ್ನುತ್ತಾರೆ. ಪಟ್ಟಿ ಇಲ್ಲದೆ ಒಂದು ನಿಮಿಷ ಹೊರಗಿಟ್ಟರೂ ಅರ್ಧ ಶಕ್ತಿ ಸೋರಿಹೋಗುತ್ತದೆ, ಮತ್ತೆ ಗೂಡಿಗೆ ಸೇರಿಸಿದರೂ ಅದು ತಿರುಗಿ ಬರುವುದಿಲ್ಲ. ರೈಲು ಆಟದ ಗಂಡಸರಿಗೆಲ್ಲ ಇದು ಗೊತ್ತು. ಹೆಂಡತಿಯರಿಗೂ ಹೇಳಿಡೋಣ ಎಂದು ಒಬ್ಬನಿಗೂ ಹೊಳೆದಿಲ್ಲ. ನಾನು ಏಳನ್ನೂ ಒಂದು ರಾತ್ರಿ ಪೂರ್ತಿ ಟವೆಲ್ಲಿನ ಮೇಲೆ ಮಲಗಿಸಿದ್ದೆ.

ಶುಕ್ರವಾರ ಸಂಜೆ ಹೆಡ್ಲಿ ಬಂದ. ಎಂಜಿನ್‌ಗಳು ಒಂಟಿಯಾಗಿ ಬಿಟ್ಟರೆ ಮೊದಲಿಗಿಂತ ಜೋರಾಗಿ ಓಡುತ್ತಿದ್ದವು. ಶಕ್ತಿ ಕುಂದಿದ ಮೋಟಾರಿನ ಗುಣವೇ ಅದಂತೆ, ಬರಿಗೈಯಲ್ಲಿ ಭಾರಿ ಓಟ. ಎರಡು ಡಬ್ಬಿ ಕಟ್ಟಿದರೆ ಏರಿನ ಬುಡದಲ್ಲೇ ಏದುಸಿರು ಬಿಟ್ಟು ನಿಂತು, ಕಾದು, ಸುಟ್ಟ ವಾಸನೆ. ಹೆಡ್ಲಿ ಶನಿವಾರ ಇಡೀ ದಿನ ಶೆಡ್ಡಿನಲ್ಲಿ ಬಾಗಿಲು ಹಾಕಿಕೊಂಡು ಕುಳಿತ. ಭಾನುವಾರ ನಿನಗೆ ಆ ಕಾಗದ ಬರೆದ. ನಿನ್ನ ಮಕ್ಕಳು ಹಗಲಿಡೀ ಓಡಿಸಿ ನಮ್ಮ ಅಪ್ಪನ ಎಂಜಿನ್‌ಗಳನ್ನು ಸುಟ್ಟುಹಾಕಿದರು, ನೀನು ನೋಡುತ್ತಾ ಕುಳಿತಿದ್ದೆ, ಇನ್ನು ಈ ಮನೆಗೆ ಕಾಲಿಡಬೇಡ, ಅಂತ. ಸೋಮವಾರ ಅದನ್ನು ಅಂಚೆಗೆ ಹಾಕಿದವಳು ನಾನೇ. ಆಗ ನನಗೂ ಹಾಗೇ ಅನ್ನಿಸಿತ್ತು, ಹುಡುಗಿಯರು ಹೆಚ್ಚು ಓಡಿಸಿಬಿಟ್ಟರು ಅಂತ. ಇದು ನಿಜ.

ನಿನ್ನ ಉತ್ತರವನ್ನೂ ಓದಿದ್ದೇನೆ. ಅದರಲ್ಲಿ ಮೂರು ಎಂಜಿನ್ ನನ್ನವೇ ಎಂದು ನೀನು ಬರೆದದ್ದು ಸರಿಯಾಗಿಯೇ ಇತ್ತು. ನಿಮ್ಮ ಅಪ್ಪ ವರ್ಷಕ್ಕೊಂದರಂತೆ ತಂದು, ಅಡಿಯಲ್ಲಿ ಬಿಳಿ ಬಣ್ಣದಲ್ಲಿ ಹೆಸರು ಬರೆದು ಕೊಟ್ಟದ್ದು. ನಾಲ್ಕರಲ್ಲಿ ಹೆಡ್ಲಿ, ಮೂರರಲ್ಲಿ ಕ್ಲೆಮ್. ಶೆರಿನ್ ಮೂರು ದಿನದಿಂದ ಅಳುತ್ತಿದ್ದಾಳೆ, ಏಳು ವರ್ಷದ ಮಗುವಿನ ಮೇಲೆ ಇಂಥ ಆರೋಪ ಹೊರಿಸಿದವನ ಮುಖ ನಾನೂ ನೋಡುವುದಿಲ್ಲ ಎಂದೂ ಬರೆದಿದ್ದೆ. ಹೆಡ್ಲಿ ಅದನ್ನು ಒಲೆಗೆ ಹಾಕಿದ.

ನನಗೆ ನಿಜ ತಿಳಿದದ್ದು ೧೯೮೨ರಲ್ಲಿ. ಆಟದ ರೈಲಿನವರ ಕ್ಲಬ್ಬಿನ ಸಭೆಗೆ ಚಹಾ ಬಗ್ಗಿಸುತ್ತಿದ್ದೆ. ಆಲ್ಬಿ ಕ್ರೂಗರ್ ನಿನಗೆ ನೆನಪಿರಬೇಕು, ರೈಲ್ವೆ ಸಿಗ್ನಲ್ ರಿಪೇರಿಯವನು. ಹೊಸ ಸದಸ್ಯನೊಬ್ಬನಿಗೆ ಪಾಠ ಹೇಳುತ್ತಿದ್ದ. "ಕೀಪರ್ ಇಡ್ದೆ ಮ್ಯಾಗ್ನೆಟ್ ತೆಗ್ದೋನು ಎಂಜಿನ್ನಿಗೆ ಮಣ್ಣು ಕೊಟ್ಟ ಹಾಗೇ ಲೆಕ್ಕ," ಅಂದ. ನಾನು ಕಪ್ಪಿನಲ್ಲಿ ಹಿಡಿಸದಷ್ಟು ಚಹಾ ಬಗ್ಗಿಸಿದೆ. ಮನೆಗೆ ಹೋಗಿ ಹೇಳೋಣ ಎಂದುಕೊಂಡೆ. ಆ ವಾರ ನಿಮ್ಮ ಅಮ್ಮ ಬಿದ್ದು ಸೊಂಟ ಮುರಿದುಕೊಂಡರು. ಮುಂದಿನ ತಿಂಗಳು ಎಂದುಕೊಂಡೆ. ಮುಂದಿನ ತಿಂಗಳು ಬರುತ್ತಲೇ ಹೋಯಿತು. ತಡವಾದ ಮಾತಿನ ಭಾರ ದಿನದಿನಕ್ಕೆ ಹೆಚ್ಚುತ್ತದೆ, ಕ್ಲೆಮ್. ಇದು ಸಬೂಬಲ್ಲ, ನಾಚಿಕೆ.

ಮಂಗಳವಾರ

ನಿನ್ನೆ ಇಲ್ಲಿಗೆ ನಿಲ್ಲಿಸಿ ಬಟ್ಟೆ ಒಗೆಯಲು ಹೋದೆ. ಮುಂದೆ ಬರೆಯುವುದಕ್ಕಿಂತ ಬಟ್ಟೆ ಒಗೆಯುವುದೇ ಸುಲಭ ಅನ್ನಿಸಿತು.

ಸ್ಕ್ರೂಡ್ರೈವರ್ ನನ್ನ ಕೈಗೆ ಬಂದ ಮೇಲೆ ಮೊದಲು ಆಲ್ಬಿಯ ಮನೆಗೆ ಓಡಿದೆ. ಈಗ ಅವನಿಗೆ ಎಂಬತ್ತೊಂದು, ಒಂದು ಕಿವಿ ಪೂರ್ತಿ ಕೇಳುವುದಿಲ್ಲ, ಇನ್ನೊಂದು ಅವನಿಗೆ ಬೇಕಾದ್ದನ್ನು ಮಾತ್ರ ಕೇಳುತ್ತದೆ. ಕುಂದಿದ ಅಯಸ್ಕಾಂತಕ್ಕೆ ಮತ್ತೆ ಶಕ್ತಿ ತುಂಬುವ ಯಂತ್ರ ಇದೆಯಂತೆ. ಅಡಿಲೇಡಿನಲ್ಲಿ ಒಬ್ಬ ಮಾಡಿಕೊಡುತ್ತಾನೆ ಎಂದ. ಹೆಡ್ಲಿಗೆ ನನ್ನ ತಪ್ಪಿನ ಮಾತು ಬಿಟ್ಟು ಇಷ್ಟನ್ನೇ ಹೇಳಿದರೆ, "ಅಪ್ಪನ ಎಂಜಿನ್ನು ಅಂಚೆಯವ್ರ ಚೀಲದಲ್ಲಿ ಕುಟ್ಟಿಸ್ಕೊಂಡು ಹೋಗ್ಬೇಕಾ? ಬೇಡ" ಅಂದ. ಹಾಗಾದರೆ ನಾವೇ ಮಾಡೋಣ ಎಂದೆ. ಆಲ್ಬಿ ನಕ್ಕ. ಆಮೇಲೆ ಹಳೆಯ ಲಕೋಟೆಯ ಹಿಂದೆ ಚಿತ್ರ ಬರೆದುಕೊಟ್ಟ.

ಕೇಳಲು ಸರಳ. ಎರಡು ಕಬ್ಬಿಣದ ಗೂಟ, ಪ್ರತಿಯೊಂದಕ್ಕೂ ನಾನೂರು ಸುತ್ತು ತಾಮ್ರದ ತಂತಿ, ಕೆಳಗೆ ಎರಡನ್ನೂ ಸೇರಿಸುವ ಕಬ್ಬಿಣದ ಹಲಗೆ, ಮೇಲೆ ಮೋಟಾರನ್ನು ಎರಡು ಕಡೆಯಿಂದ ಕಚ್ಚಿ ಹಿಡಿಯುವ ದವಡೆ. ಮೋಟಾರ್ ಬಿಚ್ಚುವಂತೆಯೇ ಇಲ್ಲ, ಇಡಿಯಾಗಿ ದವಡೆಗೆ ಕೊಡಬೇಕು. ಗಾಡಿಯ ಬ್ಯಾಟರಿಯಿಂದ ಕಣ್ಣು ಮಿಟುಕಿಸುವಷ್ಟು ಹೊತ್ತು ಕರೆಂಟ್ ಹಾಯಿಸಿದರೆ ಮುಗಿಯಿತು.

ನಾನು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಇದ್ದದ್ದರಲ್ಲಿ ಅತ್ಯಂತ ಗಟ್ಟಿಯಾದ ಎರಡು ಬೋಲ್ಟ್ ತಂದೆ. ಆಲ್ಬಿ ಅವನ್ನು ಕೈಯಲ್ಲಿ ತೂಗಿ, "ಇದೇನಮ್ಮಾ, ಹಡಗು ಕಟ್ತೀಯಾ?" ಅಂದ. "ಇದು ಉಕ್ಕು. ಉಕ್ಕು ಒಂದ್ಸಲ ಹಿಡಿದದ್ದನ್ನ ಬಿಡಲ್ಲ, ತಾನೇ ಮ್ಯಾಗ್ನೆಟ್ ಆಗಿ ಕೂತ್ಬಿಡುತ್ತೆ. ನಮಗೆ ಬೇಕಾದ್ದು ಮೆತ್ತನೆ ಕಬ್ಬಿಣ. ಕರೆಂಟ್ ಹೋದ್ ತಕ್ಷಣ ಎಲ್ಲಾ ಮರೆತುಬಿಡ್ಬೇಕು."

"ನಮ್ಮನೇಲಿ ಅಂಥದ್ದು ಸಿಗಲ್ಲ ಆಲ್ಬಿ, ಇಲ್ಲಿ ಬರೀ ಉಕ್ಕೇ," ಅಂದೆ. ಅವನ ಆ ಕಿವಿ ಅದನ್ನು ಚೆನ್ನಾಗಿಯೇ ಕೇಳಿಸಿಕೊಂಡಿತು. ಅವನ ಶೆಡ್ಡಿನಲ್ಲಿ ಹಳೆಯ ಸಿಗ್ನಲ್ ಪೆಟ್ಟಿಗೆಗಳಿಂದ ಕಿತ್ತಿಟ್ಟ ಹೆಬ್ಬೆರಳ ಗಾತ್ರದ ಮೆದುಕಬ್ಬಿಣದ ತುಂಡುಗಳಿದ್ದವು. ಎರಡು ಕೊಟ್ಟ.

ಸುತ್ತುವ ಕೆಲಸಕ್ಕೆ ನಾಲ್ಕು ಬೆಳಗು ಹಿಡಿಯಿತು. ಕೈ ಡ್ರಿಲ್ಲನ್ನು ಮೇಜಿಗೆ ಬಿಗಿದು ಅದರ ಬಾಯಿಗೆ ಕಬ್ಬಿಣದ ತುಂಡು ಕಚ್ಚಿಸಿದೆವು. ಹೆಡ್ಲಿ ಹಿಡಿ ತಿರುಗಿಸುವುದು, ನಾನು ತಂತಿಯನ್ನು ಒತ್ತೊತ್ತಾಗಿ ಕೂರಿಸುವುದು. ಸ್ವೆಟರ್ ಹೆಣೆಯುವಾಗ ಎಣಿಸುವ ಹಾಗೆ ನಾನು ಎಣಿಸಿದೆ. ಅವನೂ ಮನಸ್ಸಿನಲ್ಲೇ ಎಣಿಸುತ್ತಿದ್ದ ಎಂದು ಕೊನೆಗೆ ತಿಳಿಯಿತು. ನಾನು ಮುನ್ನೂರ ಎಂಬತ್ತೇಳು ಅಂದರೆ ಅವನು ಮುನ್ನೂರ ಎಂಬತ್ತನಾಲ್ಕು ಅಂದ. ಮೂರು ಸುತ್ತಿಗೆ ಏನಾಗುತ್ತದೆ ಎಂದು ಆಲ್ಬಿ ಕೇಳಿದ. ಇಬ್ಬರೂ ಒಪ್ಪಲಿಲ್ಲ, ಪೂರ್ತಿ ಬಿಚ್ಚಿ ಮತ್ತೆ ಸುತ್ತಿದೆವು. ಮದುವೆಯಾಗಿ ಮೂವತ್ತೆಂಟು ವರ್ಷವಾದರೂ ಒಂದೇ ಕೆಲಸಕ್ಕೆ ಇಬ್ಬರೂ ಕೈ ಹಾಕಿದ್ದು ಅದೇ ಮೊದಲು. ನನಗೆ ಅದು ಎಷ್ಟು ಇಷ್ಟವಾಯಿತೆಂದು ಅವನಿಗೆ ಹೇಳಿಲ್ಲ, ಹೇಳಿದರೆ ತಲೆಗೇರುತ್ತದೆ.

ನಮ್ಮ ಪಿಕಪ್ಪಿನ ಬ್ಯಾಟರಿ ಒಂದು, ಆಲ್ಬಿಯದು ಒಂದು, ಎರಡನ್ನೂ ಸಾಲಾಗಿ ಜೋಡಿಸಿದೆವು. ಮೊದಲ ಸಲ ತಂತಿಯ ತುದಿಯನ್ನು ಕೈಯಿಂದಲೇ ಮುಟ್ಟಿಸಿದೆ. ಪಟ್ ಎಂದು ಕಿಡಿ ಹಾರಿ ನನ್ನ ಏಪ್ರನ್ನಿನಲ್ಲಿ ಎರಡು ತೂತು. ಹೆಡ್ಲಿಗೆ ಬೆಳಕು ಮಾತ್ರ ಕಂಡಿತ್ತು. "ಬದುಕಿದ್ದೀಯೇನೆ?" ಅಂದ. "ನಿನ್ನ ಊಟಕ್ಕೇನೂ ತೊಂದ್ರೆ ಇಲ್ಲ," ಅಂದೆ. ಆಮೇಲೆ ಆಲ್ಬಿ ಯಾವುದೋ ಸತ್ತ ಕಾರಿನ ಸ್ಟಾರ್ಟರ್ ಸ್ವಿಚ್ ತಂದು ಹಾಕಿದ. ಬಟನ್ ಒತ್ತಿ ಬಿಟ್ಟರೆ ಸಾಕು.

ಶಕ್ತಿ ಅಳೆಯಲು ನನ್ನ ಗುಂಡುಸೂಜಿಗಳೇ ಗತಿ. ಸಣ್ಣ ಕಪ್ಪು ಎಂಜಿನ್ನಿನ ಮೋಟಾರಿಗೆ ಮೊದಲು ಐದು ಸೂಜಿ ಜೋತುಬಿದ್ದವು. ದವಡೆಗೆ ಕೊಟ್ಟು ಬಟನ್ ಒತ್ತಿದೆ. ಮೇಜು ಒಮ್ಮೆ ಗುಟುಕು ನುಂಗಿದ ಹಾಗೆ ಸದ್ದು ಮಾಡಿತು. ಈಗ ಮೂವತ್ತೊಂದು ಸೂಜಿ. ನಾನು ಚಿಕ್ಕ ಹುಡುಗಿಯ ಹಾಗೆ ಕೂಗಿಬಿಟ್ಟೆ. ಹಳಿಯ ಮೇಲಿಟ್ಟು, ನಾಲ್ಕು ಡಬ್ಬಿ ಕಟ್ಟಿ, ಮುಂದಕ್ಕೆ ಬಿಟ್ಟರೆ ಅದು ಹಿಂದಕ್ಕೆ ಹೊರಟಿತು.

ಆಲ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನು ಮೋಟಾರನ್ನು ದವಡೆಗೆ ತಿರುಗುಮುರುಗಾಗಿ ಕೊಟ್ಟಿದ್ದೆ, ಉತ್ತರ ದಕ್ಷಿಣವಾಗಿತ್ತು. "ಎರಡೇ ದಾರಿ. ತಿರುಗ್ಸಿ ಇಟ್ಟು ಇನ್ನೊಂದ್ಸಲ ಬಟನ್ ಒತ್ತು, ಇಲ್ಲಾ ಒಳಗಿನ ಎರಡು ತಂತಿ ಅಡ್ಡ ಮಾಡು. ಮ್ಯಾಗ್ನೆಟ್ ಬಿಚ್ಚಿ ಉಲ್ಟಾ ಹಾಕಿದ್ರೂ ಹೀಗೇ ಆಗೋದು," ಅಂದ. ತಿರುಗಿಸಿ ಇನ್ನೊಂದು ಸಲ ಒತ್ತಿದೆ. ಕಪ್ಪು ಎಂಜಿನ್ ನಾಲ್ಕು ಡಬ್ಬಿ ಎಳೆದುಕೊಂಡು, ಏರು ಹತ್ತಿ, ತಿರುವು ದಾಟಿ ಹೋಯಿತು. ಹೆಡ್ಲಿ ಹಳಿಗೆ ಗಲ್ಲ ಆನಿಸಿ ಕುಳಿತಿದ್ದ. ಮೂಗು ಒರೆಸಿಕೊಂಡ.

ಆಮೇಲೆ ನಾನು ಹುಷಾರಾದೆ. ಪ್ರತಿ ಮೋಟಾರನ್ನೂ ಮೊದಲು ದಿಕ್ಸೂಚಿಯ ಪಕ್ಕ ಹಿಡಿದು, ಯಾವ ಬದಿ ಉತ್ತರವೆಂದು ಗುರುತು ಮಾಡಿಕೊಂಡೇ ದವಡೆಗೆ ಕೊಡುವುದು. ಹೀಗೆ ಆರು ಮುಗಿದವು. ಉಳಿದದ್ದು ಹಸಿರು ಎಂಜಿನ್. ನಿನ್ನದು, ಅಪ್ಪ ಕೊನೆಯಲ್ಲಿ ತಂದದ್ದು. ಅದನ್ನು ದಿಕ್ಸೂಚಿಯ ಬಳಿ ಹಿಡಿದರೆ ಮುಳ್ಳು ಉಳಿದ ಆರಕ್ಕೆ ವಿರುದ್ಧವಾಗಿ ತಿರುಗಿತು. ಅಂದರೆ ೧೯೭೯ರಲ್ಲಿ ತೊಳೆದು ಜೋಡಿಸುವಾಗ ಇದೊಂದರ ಅಯಸ್ಕಾಂತವನ್ನು ನಾನು ಉಲ್ಟಾ ಹಾಕಿದ್ದೆ. ಹಾಗಾದರೆ ಇದು ಹದಿನೇಳು ವರ್ಷವೂ ಹಿಂದಕ್ಕೆ ಓಡಬೇಕಿತ್ತು. ಆದರೆ ಅದು ಮುಂದಕ್ಕೇ ಓಡುತ್ತಿತ್ತು, ನಾನೇ ಎಷ್ಟೋ ಸಲ ನೋಡಿದ್ದೇನೆ.

ಮೇಲಿನ ಹೊದಿಕೆ ಬಿಚ್ಚಿ ಭೂತಗನ್ನಡಿ ಹಿಡಿದೆ. ಒಳಗಿನ ಎರಡು ತಂತಿಗಳನ್ನು ಅಡ್ಡ ಮಾಡಿ ಬೆಸೆಯಲಾಗಿತ್ತು. ಜೋಳದ ಕಾಳಿನಷ್ಟು ಸಣ್ಣ, ನುಣ್ಣನೆಯ, ಹೊಳೆಯುವ ಬೆಸುಗೆ. ಈ ಊರಿನಲ್ಲಿ ಅಷ್ಟು ಚೆನ್ನಾಗಿ ಬೆಸುಗೆ ಹಾಕುತ್ತಿದ್ದ ಕೈ ಒಂದೇ, ಹೆಡ್ಲಿಯದು.

ನಾನು ಭೂತಗನ್ನಡಿ ಕೆಳಗಿಟ್ಟೆ. ಅಯಸ್ಕಾಂತ ಉಲ್ಟಾ ಇದೆ ಎಂದು ತಿಳಿದವನು ಮಾತ್ರ ಆ ತಂತಿ ಅಡ್ಡ ಮಾಡುತ್ತಾನೆ. ಎಷ್ಟೇ ಓಡಿಸಿದರೂ, ಎಷ್ಟೇ ಸುಟ್ಟರೂ ಅಯಸ್ಕಾಂತ ತಾನಾಗಿ ಮಗ್ಗುಲು ಬದಲಿಸುವುದಿಲ್ಲ. ಯಾರೋ ಅದನ್ನು ಹೊರಗೆ ತೆಗೆದಿರಬೇಕು. ನಿನ್ನ ವಿಷಯ ಹೆಡ್ಲಿಗೆ ಗೊತ್ತು, ದೊಡ್ಡ ದೋಣಿ ಕಟ್ಟುತ್ತೀಯೇ ಹೊರತು ಒಂದು ಗಡಿಯಾರ ಬಿಚ್ಚಿದವನಲ್ಲ. ಮನೆಯಲ್ಲಿ ಇನ್ನು ಉಳಿದವಳು ನಾನು.

ಮಧ್ಯಾಹ್ನ ಅವನು ಮಾಂಸದ ಹೂರಣದ ಪೇಸ್ಟಿ ತಿನ್ನುತ್ತಿದ್ದಾಗ ಕೇಳಿದೆ, "ಹಸಿರು ಎಂಜಿನ್ನಿನ ತಂತಿ ಅಡ್ಡ ಮಾಡಿದ್ದು ಯಾವಾಗ?"

ಅಗಿಯುವುದು ನಿಂತಿತು. "ಎಪ್ಪತ್ತೊಂಬತ್ತು," ಅಂದ.

"ನೀನು ಅಡಿಲೇಡಿಂದ ಬಂದ ಮಾರನೇ ದಿನ. ಶನಿವಾರ."

"ಹೂಂ."

"ಕ್ಲೆಮ್‌ಗೆ ಕಾಗದ ಬರೆದದ್ದು ಭಾನುವಾರ."

"ಹೂಂ ಅಂದ್ನಲ್ಲ. ಮೋಟಾರ್ ಬಿಚ್ತಿದ್ದ ಹಾಗೇ ನಿನ್ ಹೊಲಿಗೆ ಮೆಷಿನ್ ಎಣ್ಣೆ ವಾಸ್ನೆ ಬಂತು. ಯಾರು ಅಂತ ಇನ್ನು ಕೇಳ್ಬೇಕಿತ್ತಾ?"

"ಮತ್ತೆ ನನ್ನ ಯಾಕೆ ಬೈಲಿಲ್ಲ?"

ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ನಿನ್ನ ಬೈದಿದ್ರೆ ಅದೇ ಮೇಜಿಗೆ ರಾತ್ರಿ ಊಟಕ್ಕೂ ಕೂರ್ಬೇಕಿತ್ತು. ಕ್ಲೆಮ್ಮು ಐದು ಗಂಟೆ ದಾರಿ ದೂರ ಇದ್ದ. ಸಿಟ್ಟು ಅಲ್ಲಿಗೆ ಕಳಿಸ್ದೆ. ಕ್ರಿಸ್‌ಮಸ್ಸಿಗೆ ಬರ್ತಾನೆ, ಎರಡು ಬಿಯರ್ ಕುಡೀತಾನೆ, ಅಲ್ಲಿಗೆ ಮುಗೀತು ಅಂದ್ಕೊಂಡೆ. ಅವ್ನು ಬರ್ಲೇ ಇಲ್ಲ."

"ಬರ್ಬೇಡ ಅಂತ ನೀನೇ ಬರ್ದಿದ್ಯಲ್ಲೋ!"

"ನನ್ ಮಾತು ಅವ್ನು ಯಾವತ್ತು ಕೇಳಿದ್ದ? ಅದೊಂದ್ಸಲ ಕೇಳ್ಬಿಟ್ಟ."

ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಅವನ ಮುಂದಿದ್ದ ಅರ್ಧ ಪೇಸ್ಟಿಯನ್ನು ತಟ್ಟೆ ಸಮೇತ ಎತ್ತಿಕೊಂಡು ಹೋಗಿ ಕೋಳಿಗಳಿಗೆ ಹಾಕಿದೆ. ಹದಿನಾಲ್ಕು ವರ್ಷ ನಾನು ಅವನಿಂದ ಮುಚ್ಚಿಟ್ಟೆ, ಹದಿನೇಳು ವರ್ಷ ಅವನು ನನ್ನಿಂದ ಮುಚ್ಚಿಟ್ಟ. ಇಬ್ಬರೂ ಒಂದೇ ಮಂಚದಲ್ಲಿ ಮಲಗಿ ಎದ್ದು, ಹೊರೆ ಮಾತ್ರ ಪೋರ್ಟ್ ಲಿಂಕನ್‌ನಲ್ಲಿರುವ ನಿನ್ನ ತಲೆಗೆ. ಜಿಲ್ ಮದುವೆಯ ವಿಷಯ ನಮಗೆ ಗೊತ್ತಾದದ್ದು ಕಾರ್ಡಿನ ಮೂಲೆಯಲ್ಲಿ ನೀನು ಬರೆದ ಒಂದು ಸಾಲಿನಿಂದ. ದೊಡ್ಡಪ್ಪ ಎಂಬ ಮನುಷ್ಯ ಆ ಮಕ್ಕಳಿಗೆ ಇಲ್ಲವೇ ಇಲ್ಲ ಎಂಬಂತೆ ಮಾಡಿದೆವು, ನಾವಿಬ್ಬರೂ ಸೇರಿ.

ಪೂರ್ತಿ ಸಿಟ್ಟು ಅವನ ಮೇಲೆ ಹರಿಸುವ ಮೊದಲು ನನ್ನದು ಇನ್ನೊಂದಿದೆ. ಇದನ್ನು ಬರೆಯದೆ ಲಕೋಟೆ ಮುಚ್ಚಿಬಿಡೋಣ ಎಂದು ನಿನ್ನೆಯೆಲ್ಲ ಯೋಚಿಸಿದೆ. ೧೯೮೫ರಲ್ಲಿ ನಿಮ್ಮ ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಚರ್ಚಿನ ಸಭಾಂಗಣಕ್ಕೆ ಬರದೆ ಹೊರಗೆ ಕಾರಿನ ಹತ್ತಿರವೇ ನಿಂತಿದ್ದೆ. ನಾನು ಚಹಾ, ಎರಡು ತುಂಡು ಕೇಕ್ ತಂದುಕೊಟ್ಟೆ. ಹೇಳಿಬಿಡಬೇಕೆಂದೇ ಬಂದಿದ್ದೆ, ಬಾಯಿ ತೆರೆದಿದ್ದೆ ಕೂಡ. ಅಷ್ಟರಲ್ಲಿ ನೀನು ನನ್ನ ಕೈ ಹಿಡಿದು, "ನೋಲಾ, ಇದ್ರಲ್ಲಿ ನಿಂದೇನೂ ತಪ್ಪಿಲ್ಲ, ನೀನು ಕೊರಗ್ಬೇಡ" ಅಂದೆ. ನಾನು "ಥ್ಯಾಂಕ್ಸ್ ಕ್ಲೆಮ್" ಅಂದೆ. ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದೆ. ಆ "ಥ್ಯಾಂಕ್ಸ್" ನೆನಪಾದಾಗಲೆಲ್ಲ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತದೆ. ಎಂಜಿನ್ ಹಾಳಾದದ್ದು ತಿಳಿಯದೆ. ಇದು ತಿಳಿದು ಮಾಡಿದ್ದು. ಕ್ಷಮಿಸು ಎಂದು ಕೇಳುವುದಾದರೆ ಇದಕ್ಕೇ ಕೇಳುತ್ತೇನೆ.

ಶೆರಿನ್‌ಗೆ ಈಗ ಇಪ್ಪತ್ತನಾಲ್ಕು ಇರಬೇಕು. ಈ ಕಾಗದವನ್ನು ಅವಳಿಗೂ ಓದಿಹೇಳು. ಅವಳ ಕೂದಲು ಬಿಟ್ಟು ಬೇರೇನೂ ಆ ಮೋಟಾರುಗಳಲ್ಲಿ ಇರಲಿಲ್ಲ ಎಂದು ನೋಲಾ ದೊಡ್ಡಮ್ಮ ಬರೆದಿದ್ದಾಳೆ ಅನ್ನು.

ನಿನಗೆ ಬರೆಯುತ್ತೇನೆ ಎಂದು ಹೆಡ್ಲಿಗೆ ಹೇಳಿದೆ. "ನಿನ್ ಪಾಲಿಂದು ನೀನು ಬರಿ, ನನ್ ಪಾಲಿಂದು ಮುಟ್ಬೇಡ. ತಪ್ಪಾಯ್ತು ಅಂತ ಬರ್ಸೋಕೆ ನನ್ನಿಂದ ಆಗಲ್ಲ" ಅಂದ. ಅವನ ಪಾಲಿನದನ್ನೂ ಬರೆದಿದ್ದೇನೆ, ನೋಡಿದೆಯಲ್ಲ. ಅವನಿಗೆ ಓದಲು ಆಗುವುದಿಲ್ಲ, ಗೊತ್ತಾಗುವುದಿಲ್ಲ.

ಕೇಳುವುದು ಇಷ್ಟೇ. ಅಕ್ಟೋಬರ್ ಮೊದಲ ಸೋಮವಾರ ರಜೆ ಇದೆ. ಅದರ ಹಿಂದಿನ ದಿನ, ಭಾನುವಾರ ಬಾ. ಬೆತ್‌ಳನ್ನೂ ಕರೆದುಕೊಂಡು ಬಾ, ನಿನ್ನಂಥ ಗಂಡನ ಜೊತೆ ಐದು ಗಂಟೆ ಕಾರಿನಲ್ಲಿ ಕೂರುವಷ್ಟು ತಾಳ್ಮೆ ಅವಳಿಗೆ ಈಗಲೂ ಇದ್ದರೆ. ಹಸಿರು ಎಂಜಿನ್ನನ್ನು ನಾನು ಮುಟ್ಟಿಲ್ಲ. ಅಡ್ಡ ತಂತಿ, ಉಲ್ಟಾ ಅಯಸ್ಕಾಂತ, ಎಲ್ಲ ಇದ್ದ ಹಾಗೇ ಇದೆ. ಅದು ನಿನ್ನದು, ನೀನು ಬಂದು ಬಟನ್ ಒತ್ತಬೇಕು. ಅಂಚೆಯಲ್ಲಿ ಕಳಿಸು ಎಂದರೆ ಕಳಿಸುವುದಿಲ್ಲ, ಈಗಲೇ ಹೇಳಿದ್ದೇನೆ. ಹೆಡ್ಲಿ ಬಾಗಿಲಿಗೆ ಬಂದು ಬಾರಯ್ಯಾ ಎಂದು ಅಪ್ಪಿಕೊಳ್ಳುತ್ತಾನೆ ಎಂದು ಮಾತ್ರ ನಾನು ಮಾತು ಕೊಡಲಾರೆ. ಅವನು ಹೇಗೆ ನಡೆದುಕೊಳ್ಳುತ್ತಾನೋ ನನಗೇ ಗೊತ್ತಿಲ್ಲ. ನೀನು ಬಂದು ಅವನು ಸೆಟೆದು ನಿಂತರೆ ಏನು ಮಾಡುವುದೆಂದು ನನಗೂ ಭಯವಿದೆ. ಆದರೂ ಬಾ. ಮುಂದಿನ ವರ್ಷ ಬರುತ್ತೇನೆ ಅನ್ನಬೇಡ, ಆಗ ನೀನು ಬಂದರೂ ಅವನ ಪಾಲಿಗೆ ಬರೀ ಧ್ವನಿಯಾಗಿ ಬರುತ್ತೀಯ.

ಇಷ್ಟು ವರ್ಷ ನಿನ್ನ ಮೇಲೆ ಹೊರೆ ಹೊರಿಸಿ ಸುಮ್ಮನಿದ್ದ,
ನಿನ್ನ ಅತ್ತಿಗೆ
ನೋಲಾ

ಮರೆತ ಮಾತು (ಬುಧವಾರ ಬೆಳಿಗ್ಗೆ):

ಲಕೋಟೆಗೆ ಅಂಟು ಹಚ್ಚಲು ಹೋದವಳು ನಿಂತೆ. ಅವನಿಗೆ ಕಣ್ಣು ಕಾಣುವುದಿಲ್ಲವೆಂದು ಅವನ ಬೆನ್ನ ಹಿಂದೆ ಬರೆಯುವುದೂ ಹಳೆಯ ಚಾಳಿಯೇ ಅನ್ನಿಸಿತು. ಶೆಡ್ಡಿಗೆ ಹೋಗಿ ಮೊದಲಿನಿಂದ ಕೊನೆಯವರೆಗೆ ಓದಿಹೇಳಿದೆ. ಒಂದೇ ಒಂದು ಕಡೆ ತಡೆದ. "ಬೆಸುಗೆ ಅಷ್ಟು ಚೆನ್ನಾಗಿದೆ ಅಂತ ನಿಜವಾಗ್ಲೂ ಬರ್ದಿದ್ಯಾ?" ಅಂದ. ಹೌದೆಂದೆ. "ಸರಿ, ಮುಂದೆ ಓದು," ಅಂದ. ಮುಗಿದ ಮೇಲೆ ನಾನು ಕಾಗದ ಮಡಚುತ್ತಿದ್ದಾಗ ಕರೆದು ಹೇಳಿದ. ಅವನ ಮಾತು, ಒಂದಕ್ಷರ ಬದಲಿಸಿಲ್ಲ:

"ಅವ್ನಿಗೆ ಇದೊಂದು ಬರಿ. ನೆಟ್ಟಗೆ ನೋಡಿದ್ರೆ ಮುಖ ಇರೋ ಜಾಗದಲ್ಲಿ ನಂಗೀಗ ಬರೀ ಬೂದಿ ಬಣ್ಣ ಕಾಣುತ್ತೆ. ಪಕ್ಕದ ಗೋಡೆ ನೋಡ್ಬೇಕು, ಆಗ ಓರೆಯಲ್ಲಿ ಮುಖ ಸಿಗುತ್ತೆ. ಅವ್ನು ಬಂದಾಗ ನಾನು ಮುಖ ತಿರುಗಿಸ್ಕೊಂಡ್ರೆ, ಇನ್ನೂ ಸಿಟ್ಟು ಅಂತ ಬಾಗಿಲಿಂದ್ಲೇ ವಾಪಸ್ ಹೋಗ್ಬಿಡ್ಬೇಡ ಅನ್ನು. ಅವ್ನನ್ನೇ ನೋಡ್ತಿರ್ತೀನಿ."